ಅಣ್ಣನ ಸೇರಿನಲ್ಲಿ ತಮ್ಮನನ್ನು ಅಳೆಯಬೇಡಿ

ಜಪಾನಿನ ಬಾಕ್ಸರ್ ಟಕುಮಾ ಇನೂಯೆ ಗೆದ್ದರೂ ಸುದ್ದಿಯ ಮೊದಲ ಸಾಲಿನಲ್ಲಿ ಅಣ್ಣನ ಹೆಸರು, ಸೋತರೂ ಅಣ್ಣನ ಹೆಸರು. ಆ ಅಣ್ಣ ನಾವೋಯಾ ಇನೂಯೆ ಎಂಥ ಬಾಕ್ಸರ್ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2025ರ ಕೊನೆಗೆ 32 ಪಂದ್ಯ, 32 ಗೆಲುವು, 27 ನಾಕೌಟ್. ತಮ್ಮನದು 23 ಪಂದ್ಯ, 21 ಗೆಲುವು, ನಾಕೌಟ್ ಬರೀ 5. ಈ ಎರಡು ಲೆಕ್ಕವನ್ನು ಅಕ್ಕಪಕ್ಕ ಇಟ್ಟು ‘ತಮ್ಮ ಅಷ್ಟಕ್ಕಷ್ಟೇ’ ಎಂದು ಷರಾ ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. 2025ರ ನವೆಂಬರ್ 24ರಂದು ಟೋಕಿಯೊದ ಟೊಯೋಟಾ ಅರೀನಾದಲ್ಲಿ ಟಕುಮಾ ಗೆದ್ದ ಪಂದ್ಯವನ್ನು ‘ನೆರಳಿನಿಂದ ಹೊರಬಂದ ತಮ್ಮ’ ಎಂಬ ಕಥೆಯಾಗಿ ಓದಿ ಮುಗಿಸಿದರೆ, ಅಲ್ಲಿ ನಡೆದ ಬಾಕ್ಸಿಂಗ್ ಕಣ್ಣಿಗೇ ಬೀಳುವುದಿಲ್ಲ. ಆ ಬಾಕ್ಸಿಂಗ್ ಬಗ್ಗೆಯೇ ಈ ಬರಹ.

ಇಬ್ಬರೂ ಕನಗಾವಾ ಪ್ರಾಂತ್ಯದ ಜಾಮಾ ಊರಿನವರು. ನಾವೋಯಾ 1993ರಲ್ಲಿ ಹುಟ್ಟಿದ, ಟಕುಮಾ 1995ರ ಡಿಸೆಂಬರ್‌ನಲ್ಲಿ. ಇಬ್ಬರಿಗೂ ಗುರು ಅಪ್ಪ ಶಿಂಗೊ. ಇಬ್ಬರದೂ ಯೊಕೊಹಾಮಾದ ಒಹಾಶಿ ಜಿಮ್. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ನಮ್ಮ ಗಾದೆ ಈ ಮನೆಗೆ ಹೊಂದುವುದಿಲ್ಲ. ಪಾಠವೂ ಒಂದೇ: ಕಾಲಿನ ಓಡಾಟ, ಜಾಬ್ ಎಂಬ ಮುಂದಿನ ಕೈಯ ನೇರ ಚುರುಕು ಹೊಡೆತ, ಒಂದು ಹೆಜ್ಜೆ ಹಿಂದೆ ಸರಿದು ಎದುರಾಳಿಯ ಪಂಚ್ ಗಾಳಿಗೆ ಹೋಗುವಂತೆ ಮಾಡಿ ತಕ್ಷಣ ಮರುಹೊಡೆತ.

ತೊಡಕು ಇರುವುದೂ ಇದೇ ಪಾಠದಲ್ಲಿ. ಹಿಂದೆ ಸರಿದು ಹೊಡೆಯುವ ಆಟ ನಾವೋಯಾಗೆ ಒಗ್ಗುತ್ತದೆ, ಯಾಕೆಂದರೆ ಅವನ ಒಂದು ಮರುಹೊಡೆತ ತಿಂದವನು ಮತ್ತೆ ಮುನ್ನುಗ್ಗಲು ಎರಡು ಸಲ ಯೋಚಿಸುತ್ತಾನೆ. ಆ ಭಯವೇ ಅವನ ಸುತ್ತ ಬೇಲಿಯಂತೆ ನಿಲ್ಲುತ್ತದೆ. ಟಕುಮಾನ ಪಂಚ್ ಚೊಕ್ಕವಾಗಿ ಬೀಳುತ್ತದೆ, ಅಂಕದ ಲೆಕ್ಕಕ್ಕೂ ಸಿಗುತ್ತದೆ, ಆದರೆ ಬರುವವನನ್ನು ತಡೆದು ನಿಲ್ಲಿಸುವ ಭಾರ ಅದಕ್ಕಿಲ್ಲ. ಬೇಲಿ ಇಲ್ಲದ ಹೊಲವನ್ನು ಕಾಲಿನಲ್ಲೇ ಕಾಯಬೇಕು. 12 ರೌಂಡ್, ಒಂದೊಂದು 3 ನಿಮಿಷ, ಅಂದರೆ 36 ನಿಮಿಷ ಕಾಲು ಸೋಲಬಾರದು.

ಅಣ್ಣತಮ್ಮಂದಿರ ಈ ವ್ಯತ್ಯಾಸ ಒಂದೇ ರಾತ್ರಿಯಲ್ಲಿ ಎದ್ದು ಕಂಡದ್ದು 2024ರ ಮೇ 6ರಂದು, ಟೋಕಿಯೊ ಡೋಮ್‌ನಲ್ಲಿ. ಮೊದಲು ರಿಂಗಿಗೆ ಬಂದ ಟಕುಮಾ ಶೋ ಇಶಿದಾ ಎದುರು ಮೊದಲ ರೌಂಡಿನಲ್ಲೇ ಕೆಳಗೆ ಬಿದ್ದ. ಆಮೇಲೆ ಬಂದ ನಾವೋಯಾ ಕೂಡ ಲೂಯಿಸ್ ನೆರಿ ಎದುರು ಮೊದಲ ರೌಂಡಿನಲ್ಲೇ ಬಿದ್ದ. ಅಣ್ಣ ಎದ್ದವನೇ ಎರಡನೇ ರೌಂಡಿನಲ್ಲಿ ನೆರಿಯನ್ನು ಕೆಡವಿ, ಆರನೇ ರೌಂಡಿನಲ್ಲಿ ಪಂದ್ಯ ಮುಗಿಸಿದ. ತಮ್ಮ ಎದ್ದವನು ಉಳಿದ ಹನ್ನೊಂದು ರೌಂಡ್ ಒಂದೊಂದೇ ಪಾಯಿಂಟ್ ಕೂಡಿಸಿ ಗೆದ್ದ. ಬಿದ್ದ ಹಳ್ಳ ಒಂದೇ, ಹತ್ತಿ ಬಂದ ದಾರಿ ಬೇರೆ. ಎರಡನೆಯ ದಾರಿ ಸುಲಭದ್ದು ಅಂತ ಬಾಕ್ಸಿಂಗ್ ಗೊತ್ತಿರುವ ಯಾರೂ ಹೇಳಲಾರರು.

ಆಗ ಟಕುಮಾನ ಸೊಂಟದಲ್ಲಿ ಇದ್ದದ್ದು ಬ್ಯಾಂಟಮ್‌ವೇಟ್ ತೂಕದಲ್ಲಿ ಡಬ್ಲ್ಯುಬಿಎ ಎಂಬ ಬಾಕ್ಸಿಂಗ್ ಸಂಸ್ಥೆ ಕೊಡುವ ವಿಶ್ವ ಚಾಂಪಿಯನ್ ಬೆಲ್ಟ್. ತೂಕದ ಮಿತಿ 118 ಪೌಂಡ್, ಸುಮಾರು 53.5 ಕೆಜಿ. ನಾವೋಯಾ ಈ ತೂಕದಲ್ಲಿ ನಾಲ್ಕು ಸಂಸ್ಥೆಗಳ ನಾಲ್ಕೂ ಬೆಲ್ಟ್ ಬಿಟ್ಟುಕೊಟ್ಟು ಮೇಲಿನ ತೂಕಕ್ಕೆ ಹೋದಾಗ ಖಾಲಿಯಾದವುಗಳಲ್ಲಿ ಅದೂ ಒಂದು. 2023ರ ಏಪ್ರಿಲ್ 8ರಂದು ಟಕುಮಾ ಲಿಬೊರಿಯೊ ಸೊಲಿಸ್‌ನನ್ನು ಸೋಲಿಸಿ ಅದನ್ನು ಪಡೆದ. ಅಣ್ಣ ಹಾಕಿ ಬಿಟ್ಟ ಅಂಗಿ ತಮ್ಮನಿಗೆ ಬಂತು ಅಂತ ಆಡಿಕೊಂಡವರಿದ್ದಾರೆ. ಅಣ್ಣನ ಅಂಗಿ ತೊಟ್ಟು ಬೆಳೆದ ಎಲ್ಲ ತಮ್ಮಂದಿರಿಗೂ ಆ ಮಾತು ಹೇಗೆ ತಾಗುತ್ತದೆ ಅಂತ ಗೊತ್ತು.

2024ರ ಅಕ್ಟೋಬರ್ 13ರಂದು ಅರಿಯಾಕೆ ಅರೀನಾದಲ್ಲಿ ಆ ಬೆಲ್ಟ್ ಹೋಯಿತು. ಗೆದ್ದವನು ಸೇಯಾ ತ್ಸುತ್ಸುಮಿ. ಹೈಸ್ಕೂಲ್ ದಿನಗಳಲ್ಲಿ ಟಕುಮಾ ಕೈಯಲ್ಲಿ ಸೋತಿದ್ದವನು. ತ್ಸುತ್ಸುಮಿ ಬಲ ನಿಲುವಿನಿಂದ ಎಡ ನಿಲುವಿಗೆ, ಎಡದಿಂದ ಬಲಕ್ಕೆ ಬದಲಾಗುತ್ತಾ, ಏಟು ತಿನ್ನುತ್ತಲೇ ಮುಂದೆ ಮುಂದೆ ಬಂದ. ಇಂಥವನ ಎದುರು ನೇರವಾಗಿ ಹಿಂದೆ ಸರಿದರೆ ನಾಲ್ಕು ಹೆಜ್ಜೆಗೆ ಬೆನ್ನಿಗೆ ಹಗ್ಗ ತಾಗುತ್ತದೆ. ಪಕ್ಕಕ್ಕೆ ತಿರುಗಿ ಜಾರಿಕೊಳ್ಳಲು ಮೊದಲ ರೌಂಡುಗಳಲ್ಲಿ ಇರುವ ಚುರುಕು ಎಂಟನೆಯದರ ಹೊತ್ತಿಗೆ ಇರುವುದಿಲ್ಲ. ಹತ್ತನೇ ರೌಂಡಿನಲ್ಲಿ ಆದದ್ದು ಅದೇ. ಏಟಿನ ರಭಸಕ್ಕೆ ಟಕುಮಾ ಹಗ್ಗದ ಮೇಲೆ ಒರಗಿದ, ಹಗ್ಗವೇ ಅವನನ್ನು ಬೀಳದಂತೆ ಹಿಡಿಯಿತು. ಮೊಣಕಾಲು ನೆಲಕ್ಕೆ ತಾಗದಿದ್ದರೂ, ಹಗ್ಗವಿಲ್ಲದಿದ್ದರೆ ಬೀಳುತ್ತಿದ್ದ ಅಂತ ರೆಫರಿಗೆ ಅನ್ನಿಸಿದರೆ ಅದು ನಾಕ್‌ಡೌನ್. ಎಣಿಕೆ ಶುರುವಾಯಿತು.

ಈ ಎಣಿಕೆಯಿಂದಲೇ ಸೋತ ಎನ್ನುವವರು ಅಂಕಪಟ್ಟಿ ಬಿಡಿಸಿ ನೋಡಬೇಕು. ತೀರ್ಪು 114-113, 115-112, 117-110. ರೌಂಡ್ ಗೆದ್ದವನಿಗೆ 10, ಸೋತವನಿಗೆ 9, ನಾಕ್‌ಡೌನ್ ಆದರೆ ಸಾಮಾನ್ಯವಾಗಿ 8. 114-113 ಅಂದರೆ ಆ ಜಡ್ಜ್ ಇಬ್ಬರಿಗೂ ಆರಾರು ರೌಂಡ್ ಕೊಟ್ಟಿದ್ದರು, ನಡುವಿನ ಒಂದು ಪಾಯಿಂಟ್ ಆ ನಾಕ್‌ಡೌನಿನದು. ಅದನ್ನು ತೆಗೆದರೆ ಅಲ್ಲಿ ಸಮ. ಆದರೆ ಉಳಿದಿಬ್ಬರ ಪಟ್ಟಿಯಲ್ಲಿ ತ್ಸುತ್ಸುಮಿಗೆ ಏಳು ಮತ್ತು ಒಂಬತ್ತು ರೌಂಡ್. ನಾಕ್‌ಡೌನ್ ಇಲ್ಲದಿದ್ದರೂ ಟಕುಮಾ ಸೋಲುತ್ತಿದ್ದ. ಬಿಗಿಯಾದ ರೌಂಡುಗಳಲ್ಲಿ ಹಿಂದೆ ಸರಿಯುವವನಿಗಿಂತ ಮುಂದೆ ಬರುವವನ ಕಡೆಗೇ ಜಡ್ಜ್ ಪೆನ್ನು ವಾಲುತ್ತದೆ. ಮರುಹೊಡೆತಕ್ಕಾಗಿ ಕಾಯುತ್ತಾ ಕಳೆದ ನಿಮಿಷಗಳೇ ಅವನನ್ನು ಸೋಲಿಸಿದವು ಅಂತ ನಾನು ನಂಬುತ್ತೇನೆ.

ಆಮೇಲೆ 13 ತಿಂಗಳು ಪಂದ್ಯವೇ ಇಲ್ಲ. ವಾಪಸ್ ಬರುವವರಿಗೆ ಸಾಮಾನ್ಯವಾಗಿ ಒಬ್ಬ ಸುಲಭದ ಎದುರಾಳಿಯನ್ನು ಕೊಟ್ಟು ಕೈ ಬಿಸಿ ಮಾಡಿಸುತ್ತಾರೆ. ಆದರೆ ನವೆಂಬರ್ 24ರ ಆ ರಾತ್ರಿ ಟಕುಮಾಗೆ ಎದುರಾದವನು ತೆನ್ಶಿನ್ ನಾಸುಕಾವಾ. ಕಿಕ್‌ಬಾಕ್ಸಿಂಗ್‌ನಲ್ಲಿ ಸೋಲೇ ಕಾಣದವನು, ಬಾಕ್ಸಿಂಗ್‌ನಲ್ಲೂ ಏಳಕ್ಕೆ ಏಳು ಗೆದ್ದವನು, ಎಡಗೈ ಆಟಗಾರ, ಜಪಾನಿನಲ್ಲಿ ಮನೆಮಾತು. ಟಕುಮಾ ಸೊಲಿಸ್‌ನನ್ನು ಗೆದ್ದ ಅದೇ ರಾತ್ರಿ, ಅದೇ ರಿಂಗಿನಲ್ಲಿ ತೆನ್ಶಿನ್ ಬಾಕ್ಸಿಂಗ್‌ಗೆ ಕಾಲಿಟ್ಟಿದ್ದ. ಪಣಕ್ಕೆ ಇದ್ದದ್ದು ಇನ್ನೊಂದು ಸಂಸ್ಥೆ ಡಬ್ಲ್ಯುಬಿಸಿಯ, ಆಗ ಖಾಲಿ ಇದ್ದ ಬ್ಯಾಂಟಮ್‌ವೇಟ್ ಬೆಲ್ಟ್.

ಮೊದಲೆರಡು ರೌಂಡ್ ತೆನ್ಶಿನ್‌ನವು. ದೂರದಿಂದ ಹಾರಿ ಬಂದಂತೆ ಬರುತ್ತಿದ್ದ ಎಡಗೈ ಟಕುಮಾನನ್ನು ಅಲುಗಾಡಿಸಿತು. ಇಲ್ಲಿ ಒಂದು ಸೂಕ್ಷ್ಮ. ಬಲಗೈಯವನೂ ಎಡಚನೂ ಎದುರಾದಾಗ ಇಬ್ಬರ ಮುಂಗಾಲೂ ಎದುರುಬದುರಾಗುತ್ತವೆ, ಇವನ ಎಡಪಾದ, ಅವನ ಬಲಪಾದ. ತನ್ನ ಮುಂಗಾಲನ್ನು ಎದುರಾಳಿಯ ಮುಂಗಾಲಿನ ಹೊರಗೆ ಊರಿದವನಿಗೆ ಹಿಂದಿನ ಕೈಯ ನೇರ ಹೊಡೆತಕ್ಕೆ ದಾರಿ ತೆರೆಯುತ್ತದೆ, ಎದುರಾಳಿಯ ಹಿಂದಿನ ಕೈಗೆ ದೂರ ಹೆಚ್ಚುತ್ತದೆ. ಒಂದು ಪಾದದಷ್ಟು ಜಾಗದ ಜಗಳ ಅದು. ಜೊತೆಗೆ ಅಂತರ. ತೆನ್ಶಿನ್‌ನ ವೇಗಕ್ಕೆ ನೆಗೆಯಲು ಜಾಗ ಬೇಕು. ದೂರ ನಿಂತು ಅವನಿಗಾಗಿ ಕಾದರೆ ಆ ಜಾಗವನ್ನು ನಾವೇ ಕೊಟ್ಟಂತೆ.

ಮೂರನೇ ರೌಂಡಿನಿಂದ ಟಕುಮಾ ಕಾಯುವುದನ್ನು ಬಿಟ್ಟ. ಮುಖ ಕಾಯಲು ಕೈಗಳನ್ನು ಎತ್ತಿ ಹಿಡಿದು ಮುಂದಕ್ಕೆ ನಡೆದ, ಬಲಗೈಯನ್ನು ತಾನೇ ಮೊದಲು ಬಿಟ್ಟ, ಹತ್ತಿರ ಹೋದಮೇಲೆ ಅಲ್ಲೇ ನಿಂತು ಹೊಡೆದ. ತ್ಸುತ್ಸುಮಿ ಅವನಿಗೆ ಮಾಡಿದ್ದನ್ನೇ ಅವನು ತೆನ್ಶಿನ್‌ಗೆ ಮಾಡಿದ, ಇನ್ನಷ್ಟು ನಾಜೂಕಾಗಿ. ವಾಪಸಾತಿ ಅಂತ ನಾನು ಕರೆಯುವುದು ಈ ಬದಲಾವಣೆಯನ್ನು. ಮೂವತ್ತಕ್ಕೆ ಇನ್ನೊಂದು ತಿಂಗಳು ಬಾಕಿ ಇರುವಾಗ, ಚಿಕ್ಕಂದಿನಿಂದ ಮೈಗೆ ಅಂಟಿದ ಆಟವನ್ನು ಬದಿಗಿಟ್ಟು, ಸೋಲಿಸಿದವನಿಂದ ಕಲಿಯುವುದು ಚಿಕ್ಕ ಮಾತಲ್ಲ.

ಡಬ್ಲ್ಯುಬಿಸಿ ಪಂದ್ಯಗಳಲ್ಲಿ ನಾಲ್ಕನೇ ಮತ್ತು ಎಂಟನೇ ರೌಂಡ್ ಮುಗಿದಾಗ ಅಂಕ ಓದಿ ಹೇಳುತ್ತಾರೆ. ನಾಲ್ಕಾದಾಗ ಮೂವರೂ ಜಡ್ಜ್‌ಗಳದು 38-38. ಎಂಟಾದಾಗ 76-76, 77-75, 78-74, ಮುಂದಿದ್ದವನು ಟಕುಮಾ. ಅಲ್ಪ ಮುನ್ನಡೆ ಇದ್ದವನು ಇಂಥ ಹೊತ್ತಿನಲ್ಲಿ ದೂರ ಸರಿದು ಸಮಯ ಕಳೆಯಲು ನೋಡುತ್ತಾನೆ, ಹಳೆಯ ಟಕುಮಾ ಹಾಗೇ ಮಾಡುತ್ತಿದ್ದನೇನೋ. ಕೊನೆಯ ತೀರ್ಪು 116-112, 116-112, 117-111. ಕೂಡಿ ಕಳೆದು ನೋಡಿ: ಎಂಟಕ್ಕೆ ಸಮ ಎಂದಿದ್ದ ಜಡ್ಜ್ ಕೊನೆಯ ನಾಲ್ಕು ರೌಂಡುಗಳನ್ನೂ ಟಕುಮಾಗೇ ಕೊಟ್ಟಿದ್ದಾರೆ. ತೆನ್ಶಿನ್‌ಗೆ 12 ರೌಂಡಿನ ಪಂದ್ಯ ಅದೇ ಮೊದಲು. ಟಕುಮಾನ ಕಾಲಿಗೆ ಆ ದಾರಿಯ ಪ್ರತಿ ಕಲ್ಲೂ ಗೊತ್ತಿತ್ತು.

ಇದನ್ನೂ ಅಣ್ಣ ಬಿಟ್ಟ ಅಂಗಿ ಎನ್ನುವವರಿಗೆ ಡಬ್ಲ್ಯುಬಿಸಿಯ ಈ ಹಸಿರು ಬೆಲ್ಟಿನ ವಂಶಾವಳಿ ಹೇಳುತ್ತೇನೆ. 2018ರಲ್ಲಿ ಡಬ್ಲ್ಯುಬಿಸಿ ಹಂಗಾಮಿ ಚಾಂಪಿಯನ್ ಆಗಿದ್ದ ಟಕುಮಾ, 2019ರ ನವೆಂಬರ್ 7ರಂದು ಸೈತಾಮಾದಲ್ಲಿ ಪೂರ್ಣ ಬೆಲ್ಟಿಗಾಗಿ ಫ್ರಾನ್ಸಿನ ನಾರ್ಡಿನ್ ಉಬಾಲಿ ಎದುರು ಸೋತ. ಅದೇ ರಾತ್ರಿ ಅಣ್ಣ ನೊನಿಟೊ ಡೊನೇರ್‌ನನ್ನು ಸೋಲಿಸಿ ಜಗತ್ತಿನ ಬಾಯಲ್ಲಿ ಹೆಸರಾದ. ಉಬಾಲಿಯಿಂದ ಬೆಲ್ಟ್ 2021ರಲ್ಲಿ ಡೊನೇರ್‌ಗೆ ಹೋಯಿತು, ಅವನಿಂದ 2022ರಲ್ಲಿ ನಾವೋಯಾಗೆ, ನಾವೋಯಾ ಬಿಟ್ಟಮೇಲೆ 2023ರಲ್ಲಿ ಮೆಕ್ಸಿಕೊದ ಅಲೆಕ್ಸಾಂಡ್ರೊ ಸಾಂಟಿಯಾಗೊಗೆ. 2024ರ ಫೆಬ್ರುವರಿ 24ರಂದು ರ್ಯೋಗೊಕು ಕೊಕುಗಿಕಾನ್‌ನಲ್ಲಿ ಜುಂಟೊ ನಕಾತಾನಿ ಅದನ್ನು ಗೆದ್ದ. ಅದೇ ರಾತ್ರಿ ಅದೇ ರಿಂಗಿನಲ್ಲಿ ಟಕುಮಾ, ಜೆರ್ವಿನ್ ಅಂಕಾಹಾಸ್‌ನ ಹೊಟ್ಟೆಗೆ ಹೊಡೆದು ಒಂಬತ್ತನೇ ರೌಂಡಿನಲ್ಲಿ ಮಲಗಿಸಿದ್ದ. ಕೈಗೆಟುಕುವಷ್ಟು ಹತ್ತಿರ ಬಂದು ಬೆಲ್ಟ್ ಮತ್ತೆ ಹೋಯಿತು. ನಕಾತಾನಿ ಬಿಟ್ಟುಕೊಟ್ಟ ಮೇಲೆ ಅದು ಟಕುಮಾನ ಸೊಂಟಕ್ಕೆ ಬಂತು, ಸೈತಾಮಾದ ಆ ರಾತ್ರಿಯಿಂದ ಆರು ವರ್ಷ ಹದಿನೇಳು ದಿನಕ್ಕೆ.