ಸೈಟು ನೋಡಿದ್ದು ಮೊಬೈಲಿನಲ್ಲಿ, ತಗೊಂಡಿದ್ದು ಟೀ ಅಂಗಡಿಯಲ್ಲಿ

ದಾವಣಗೆರೆಯಲ್ಲಿ ಸೈಟು ತಗೊಳ್ಳುವವರು ಈಗ ಬಹಳ ಬುದ್ಧಿವಂತರಾಗಿದ್ದಾರೆ. ಬ್ರೋಕರ್ ಕರೆದ ಕಡೆಗೆಲ್ಲ ಅವನ ಬೈಕ್ ಹತ್ತಿ ಹೋಗುವ ಕಾಲ ಮುಗಿಯಿತು. ರಾತ್ರಿ ಊಟ ಮಾಡಿ ಮೊಬೈಲ್ ಹಿಡಿದರೆ ಹೆಂಡತಿ ಬೈಯುವವರೆಗೂ ರಿಸರ್ಚ್. ಶಾಮನೂರು ರಸ್ತೆಯಲ್ಲಿ ಚದರಡಿಗೆ ಎಷ್ಟು, ಹದಡಿ ರಸ್ತೆಯಲ್ಲಿ ಎಷ್ಟು, ಸಂಪು ಈಶಾನ್ಯಕ್ಕೋ ಆಗ್ನೇಯಕ್ಕೋ, ದುಬೈನವರು ಅಡುಗೆಮನೆಗೆ ಯಾವ ಕಲ್ಲು ಹಾಕಿಸುತ್ತಾರೆ, ಎಲ್ಲ ಬಾಯಿಪಾಠ. ಇಷ್ಟೆಲ್ಲ ತಿಳಿದುಕೊಂಡು ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡುವುದು ಯಾರಿಗೆ? ಬ್ರೋಕರ್‌ಗೆ.

"ಅಣ್ಣಾರೆ, ಒಂದು ಥರ್ಟಿ-ಫಾರ್ಟಿ ಇದ್ರೆ ಹೇಳ್ರಿ."

ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದವರೂ ಮನೆ ಹುಡುಕುವುದು ಇಂಟರ್‌ನೆಟ್‌ನಲ್ಲೇ. ಆದರೂ 2024ರ ಒಂದು ವರದಿ ಪ್ರಕಾರ, ಅಲ್ಲಿ ಮನೆ ಕೊಂಡವರಲ್ಲಿ ಶೇ 88 ಮಂದಿ ಏಜೆಂಟರ ಮೂಲಕವೇ ಕೊಂಡರು. ವರದಿ ಮಾಡಿದ್ದು ಏಜೆಂಟರ ಸಂಘವೇ, ಅದು ಬೇರೆ ಮಾತು. ನಮ್ಮೂರಲ್ಲಿ ಇಂಥ ಲೆಕ್ಕ ತೆಗೆಯುವುದು ಕಷ್ಟ. ಯಾರು ಬ್ರೋಕರ್, ಯಾರು ಅಲ್ಲ ಅಂತ ಮೊದಲು ಗೊತ್ತಾಗಬೇಕಲ್ಲ.

ಬ್ರೋಕರ್‌ಗಳೂ ಸುಮ್ನೆ ಕೂತಿಲ್ಲ. ಟೀ ಅಂಗಡಿ ಮುಂದೆ ಚೀಟಿ ಹಿಡಿದು ನಿಲ್ಲುತ್ತಿದ್ದವರ ಕೈಯಲ್ಲಿ ಈಗ ಡ್ರೋನ್ ವಿಡಿಯೋ ಇದೆ. ವಿಡಿಯೋದಲ್ಲಿ ಜೋರು ಸಂಗೀತ, ಹಸಿರು ಹುಲ್ಲು, ನಡುವೆ ಕಾರಂಜಿ. ಕಾರಂಜಿ ಯಾವ ದೇಶದ್ದೋ, ಹಸಿರು ಮಾತ್ರ ನಮ್ಮದೇ. ಯಾಕೆಂದರೆ ಅದು ಭದ್ರಾ ನಾಲೆ ನೀರು ಕುಡಿದು ಬೆಳೆದ ಭತ್ತ! ಗದ್ದೆ ಇನ್ನೂ ಕೊಯ್ಲಾಗಿಲ್ಲ, ಲೇಔಟ್‌ಗೆ ಹೆಸರು ಬಿದ್ದಾಗಿದೆ. ಹಿಂದೆ ಹರಿಯುವ ನಾಲೆಯಿಂದಾಗಿ ಅದು 'ವಾಟರ್ ವ್ಯೂ'. ನಾಲೆಗೆ ನೀರು ನಿಲ್ಲಿಸಿದ ತಿಂಗಳಲ್ಲಿ ಏನು ವ್ಯೂ ಅಂತ ಯಾರೂ ಕೇಳುವುದಿಲ್ಲ. ಕುಂದವಾಡ ಕೆರೆ ಕಡೆ ಒಂದು ದಾರಿ ಹೋದರೆ ಸಾಕು, ಆ ದಾರಿಯ ಉದ್ದಕ್ಕೂ 'ಲೇಕ್ ವ್ಯೂ'. ಆನಗೋಡಿನ ಹತ್ತಿರದ ಹೊಲವೂ 'ಸಿಟಿಯಿಂದ 10 ನಿಮಿಷ'. ಹೈವೇಯಲ್ಲಿ ಆಂಬುಲೆನ್ಸ್ ಓಡಿಸಿ ಅಳೆದಿರಬೇಕು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಗೆ ದಾವಣಗೆರೆ ಸೇರಿತಲ್ಲ, ಅವತ್ತಿನಿಂದ ಸುತ್ತಲಿನ ಜಾಲಿ ಗಿಡಗಳೂ ಸ್ಮಾರ್ಟ್ ಆಗಿವೆ. ಏರ್‌ಪೋರ್ಟ್ ಅಂತೂ ಪ್ರತಿ ಲೇಔಟ್‌ನ ಪಕ್ಕದಲ್ಲೇ ಬರುತ್ತದೆ. ಎಲ್ಲರ ಮಾತೂ ನಿಜವಾದರೆ ವಿಮಾನ ಇಳಿಯುವುದಕ್ಕೇ ಜಾಗ ಸಾಲದು.

ಬ್ರೋಕರ್ ಕಾಟವೇ ಬೇಡ ಅನ್ನುವವರು 'ಓನರ್ ಡೈರೆಕ್ಟ್' ಅಂತ ಹುಡುಕುತ್ತಾರೆ. ರೇಟು ಕಾಣಬೇಕಾದರೆ ಮೊಬೈಲ್ ನಂಬರ್ ಕೊಡಬೇಕು. ಕೊಟ್ಟ ಕೂಡಲೇ ಫೋನ್ ಶುರು. ಫೋನ್ ಮಾಡಿದ ಓನರ್‌ಗೆ ತನ್ನ ಸೈಟಿನ ದಿಕ್ಕು ಯಾವುದು ಅಂತ ಗೊತ್ತಿರುವುದಿಲ್ಲ. "ಕೇಳಿ ಹೇಳ್ತೀನಿ ಸರ್" ಅನ್ನುತ್ತಾನೆ. ಯಾರನ್ನ ಕೇಳಿ? ಅಸಲಿ ಓನರ್‌ನನ್ನ. ಅದೇ ಸೈಟು ಬೇರೆ ಬೇರೆ ಗ್ರೂಪ್‌ಗಳಲ್ಲಿ ಬೇರೆ ಬೇರೆ ರೇಟಿಗೆ ಬಂದಿರುತ್ತದೆ. ಒಂದರಲ್ಲಿ ಪೂರ್ವ ದಿಕ್ಕು, ಇನ್ನೊಂದರಲ್ಲಿ ಉತ್ತರ. ನಿಮಗೆ ಯಾವ ದಿಕ್ಕು ಆಗಿ ಬರುತ್ತದೋ ಅದು.

ಇದರಲ್ಲೆಲ್ಲ ನನಗೆ ಜಾಸ್ತಿ ಮಜಾ ಅನ್ನಿಸುವುದು ಬೇರೆಯೇ ಇದೆ. ನಿಜವಾಗಿ ನೋಡಬೇಕಾದದ್ದೆಲ್ಲ ಅದೇ ಮೊಬೈಲಿನಲ್ಲಿ ಸಿಗುತ್ತದೆ. ಭೂಮಿ ಜಾಲತಾಣದಲ್ಲಿ ಪಹಣಿ ನೋಡಬಹುದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿಗೆ, ಅಂದರೆ ಋಣಭಾರ ಪತ್ರಕ್ಕೆ, ಅರ್ಜಿ ಹಾಕಿದರೆ ಆ ಜಾಗ ಯಾರಿಂದ ಯಾರಿಗೆ ಹೋಯಿತು, ಅದರ ಮೇಲೆ ಅಡಮಾನ ಇದೆಯೋ ಅಂತ ಬರುತ್ತದೆ. ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಕಾಲ ಕೆಳಗಿನ ಸರ್ವೆ ನಂಬರ್ ಯಾವುದು ಅಂತ ಹೇಳುತ್ತದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಪ್ರಕಾರ 500 ಚದರ ಮೀಟರ್ ಮೀರಿದ ಲೇಔಟನ್ನು ನೋಂದಣಿ ಮಾಡಿಸದೆ ಜಾಹೀರಾತು ಹಾಕುವ ಹಾಗೇ ಇಲ್ಲ. ಅಂಥ ಸೈಟು ಮಾರಿಸುವ ಏಜೆಂಟೂ ನೋಂದಾಯಿಸಿಕೊಂಡಿರಬೇಕು. ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ. "ನಿಮ್ಮ ರೇರಾ ನಂಬರ್ ಎಷ್ಟ್ರಿ?" ಅಂತ ಕೇಳಿ ನೋಡಿ. "ಬರ್ಕೊಳ್ರಿ ಸರ್" ಅಂತ ಮೊಬೈಲ್ ನಂಬರ್ ಹೇಳುತ್ತಾರೆ.

ನಮ್ಮ ರಿಸರ್ಚ್ ಪಂಡಿತರು ಇದ್ಯಾವುದನ್ನೂ ತೆರೆಯುವುದಿಲ್ಲ. ಮಿಕ್ಸಿ ತಗೊಳ್ಳುವಾಗ ರಿವ್ಯೂ ಓದಿ ಓದಿ ಸುಸ್ತಾಗುವವರು, ಮೂವತ್ತು ಲಕ್ಷದ ಸೈಟಿಗೆ ಓದುವುದು ಬ್ರೋಕರ್ ಮುಖ ಮಾತ್ರ. "ಡಾಕ್ಯುಮೆಂಟ್ ಪಕ್ಕಾ ಐತಾ?" ಅಂತ ಕೇಳುತ್ತಾರೆ. "ಪಕ್ಕಾ ಐತ್ರಿ" ಅನ್ನುತ್ತಾನೆ ಅವನು. ಪರಿಶೀಲನೆ ಮುಗಿಯಿತು.

"ದೂಡಾ ಅಪ್ರೂವಲ್?" ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ.

"ಹಂತದಲ್ಲೈತ್ರಿ."

ಯಾವ ಹಂತ ಅಂತ ಕೇಳುವಷ್ಟರಲ್ಲಿ ಬೆಂಗಳೂರು ಪಾರ್ಟಿ ಬಂದುಬಿಡುತ್ತದೆ. ಬಂದದ್ದನ್ನು ಯಾರೂ ನೋಡಿಲ್ಲ. ಆದರೆ ಅದು ದಿನಾ ಸಾಯಂಕಾಲ ಬರುತ್ತದೆ, ಚೌಕಾಸಿ ಮಾಡುವುದಿಲ್ಲ, ಪೂರ್ತಿ ದುಡ್ಡು ಬ್ಯಾಗಿನಲ್ಲೇ ಇರುತ್ತದೆ. ಅದರ ಹೆದರಿಕೆಗೇ ಟೀ ಅಂಗಡಿಯ ಬೆಂಚಿನ ಮೇಲೆ ಟೋಕನ್ ಕೈ ಬದಲಾಗುತ್ತದೆ. ರಸೀದಿ? "ನಮ್ಮಲ್ಲಿ ಮಾತೇ ರಸೀದಿ ಸರ್." ಟೀ ದುಡ್ಡನ್ನು ಮಾತ್ರ ಬ್ರೋಕರ್ ಕೊಡುತ್ತಾನೆ. ಅದರ ಮೇಲೆ ಅವನಿಗಿರುವ ಹಟ ನೋಡಿದರೆ ಎಂಥವರಿಗೂ ನಂಬಿಕೆ ಬರಬೇಕು.

ರಿಜಿಸ್ಟರ್ ಆದ ಮರುದಿನ ಕೊಂಡವರ ಸ್ಟೇಟಸ್‌ನಲ್ಲಿ ಸೈಟಿನ ವಿಡಿಯೋ. ಅದೇ ಸಂಗೀತ, ಅದೇ ಕಾರಂಜಿ. ಆಫೀಸಿನವರು ರೇಟು ಕೇಳುತ್ತಾರೆ. ಇವರು ಹತ್ತು ಪರ್ಸೆಂಟ್ ಏರಿಸಿಯೇ ಹೇಳುತ್ತಾರೆ. ಹೊಸ ಓನರ್ ಅಲ್ವಾ, ಅಷ್ಟು ಹಕ್ಕಿದೆ. ವಾರ ಕಳೆಯುವುದರೊಳಗೆ ತಮ್ಮ ಸೈಟಿನ ಪಕ್ಕದ್ದನ್ನು ಭಾವಮೈದುನನಿಗೆ ಮಾತಾಡಿಸಿ ಕೊಡಲು ಓಡಾಡುತ್ತಿರುತ್ತಾರೆ.

"ನೀನು ನಮ್ಮವನು ಅಂತ ಒಂದು ಪರ್ಸೆಂಟ್ ಕಮಿಷನ್ ಸಾಕಪ್ಪ. ಆದ್ರೆ ಇವತ್ತೇ ಟೋಕನ್ ಹಾಕು. ಸಾಯಂಕಾಲ ಬೆಂಗಳೂರು ಪಾರ್ಟಿ ಬರ್ತೈತೆ."