ಅರ್ಧ ಡಾಲರಿನ ಅಂಚು

ಅಮೆರಿಕದ ಚಿಲ್ಲರೆ ಕಾಸುಗಳಲ್ಲಿ ಅರ್ಧ ಡಾಲರಿನಷ್ಟು ಉಪಯೋಗಕ್ಕೆ ಬಾರದ್ದು ಇನ್ನೊಂದಿಲ್ಲ. ಮೂವತ್ತು ಮಿಲಿಮೀಟರಿಗೂ ಮಿಕ್ಕ ಅಗಲ, ಜೇಬಿಗೆ ಭಾರ. ಅಂಗಡಿಯ ಗಲ್ಲಾದಲ್ಲಿ ಅದಕ್ಕೊಂದು ಗೂಡಿರುವುದಿಲ್ಲ. ತಂಪು ಪಾನೀಯದ ಯಂತ್ರಗಳು ಬಹುಮಟ್ಟಿಗೆ ಅದನ್ನು ನುಂಗುವುದಿಲ್ಲ. ಕೌಂಟರಿನ ಹುಡುಗನ ಕೈಗಿತ್ತರೆ ಇದು ಯಾವ ದೇಶದ್ದು ಎಂಬಂತೆ ತಿರುಗಿಸಿ ನೋಡುತ್ತಾನೆ. ನನ್ನ ಇಂಗ್ಲಿಷಿನ ಉಚ್ಚಾರವೂ ಅವನ ಅನುಮಾನಕ್ಕೆ ಒಂದಿಷ್ಟು ನೀರೆರೆಯುತ್ತದೆ.

ಇಂಥದ್ದನ್ನು ನಾನು ಬ್ಯಾಂಕಿಗೆ ಹೋಗಿ ಕೇಳಿ ತರುತ್ತೇನೆ. ಕಾಗದದ ಸುರುಳಿಯೊಂದರಲ್ಲಿ ಇಪ್ಪತ್ತು ನಾಣ್ಯ. ಹತ್ತು ಡಾಲರ್ ಕೊಟ್ಟು ಹತ್ತು ಡಾಲರನ್ನೇ ತರುವ ಈ ವ್ಯಾಪಾರ ಮನೆಯಲ್ಲಿ ಯಾರಿಗೂ ಅರ್ಥವಾಗಿಲ್ಲ. ಆಸೆ ಇರುವುದು ಸುರುಳಿ ಬಿಚ್ಚಿ ನಾಣ್ಯಗಳನ್ನು ಸಾಲಾಗಿ ನಿಲ್ಲಿಸಿದಾಗ ಕಾಣುವ ಅಂಚಿನ ಮೇಲೆ. ಈ ಹವ್ಯಾಸದವರು ಮೊದಲು ಮುಖ ನೋಡುವುದಿಲ್ಲ. ಮುಖ ಹೇಗಿದ್ದರೂ ಅಧ್ಯಕ್ಷ ಕೆನಡಿಯದೇ. 1964ರಿಂದ 2025ರವರೆಗೂ ಅದೇ ಎಡಕ್ಕೆ ತಿರುಗಿದ ಮೋರೆ. ಅಂಚಿನಲ್ಲಿ ತಾಮ್ರದ ಕಂದು ಗೆರೆ ಕಂಡರೆ ಪಕ್ಕಕ್ಕೆ. ಅಂಚು ಪೂರ್ತಿ ಬಿಳಿಯಾಗಿದ್ದರೆ ಅದು ಬೆಳ್ಳಿ, ಎದೆ ಒಮ್ಮೆ ಹಾರುತ್ತದೆ. ಬಿಳಿಯೂ ಅಲ್ಲದ, ಕಂದೂ ಅಲ್ಲದ ಮಬ್ಬು ಬೂದಿ ಬಣ್ಣವಿದ್ದರೆ ಕನ್ನಡಕ ಹುಡುಕಬೇಕು.

ಇದಕ್ಕೆಲ್ಲ ಕಾರಣ ಆರೇಳು ವರ್ಷಗಳ ಒಂದು ಗಲಿಬಿಲಿ. 1963ರ ನವೆಂಬರ್ 22ರಂದು ಕೆನಡಿಯ ಕೊಲೆಯಾಯಿತು. ನಾಣ್ಯದ ಮೇಲೆ ಅವರ ಮುಖ ಬರಬೇಕೆಂದು ಆ ವರ್ಷ ಮುಗಿಯುವ ಮೊದಲೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆ ಸಿಕ್ಕಿತ್ತು. ಕಾಲು ಡಾಲರಿನಿಂದ ವಾಷಿಂಗ್ಟನ್ನರನ್ನು ಎಬ್ಬಿಸುವುದು ಬೇಡ ಎಂದವರು ಕೆನಡಿಯ ಪತ್ನಿ ಜಾಕ್ವೆಲಿನ್. ಹಾಗಾಗಿ 1948ರಿಂದ ಅರ್ಧ ಡಾಲರಿನ ಮೇಲೆ ಕೂತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಜಾಗ ಖಾಲಿ ಮಾಡಬೇಕಾಯಿತು. ಗಿಲ್‌ರಾಯ್ ರಾಬರ್ಟ್ಸ್ ಮುಖ ಕೆತ್ತಿದರು, ಫ್ರಾಂಕ್ ಗ್ಯಾಸ್‌ಪರೊ ಹಿಂಬದಿಯ ಹದ್ದನ್ನು. ಕೆನಡಿಯ ಕೊರಳಿನ ಬುಡದಲ್ಲಿದ್ದ ರಾಬರ್ಟ್ಸರ ಪುಟ್ಟ ಸಹಿ ಕೆಲವರ ಕಣ್ಣಿಗೆ ಕಮ್ಯುನಿಸ್ಟರ ಸುತ್ತಿಗೆ ಕುಡುಗೋಲಾಗಿ ಕಂಡು ದೂರು ಹೋಯಿತು. ಕಾಲವೇ ಹಾಗಿತ್ತು.

1964ರ ಮಾರ್ಚಿನಲ್ಲಿ ನಾಣ್ಯ ಹೊರಬಿತ್ತು. ತೂಕ ಹನ್ನೆರಡೂವರೆ ಗ್ರಾಂ, ಅದರಲ್ಲಿ ಶೇಕಡ 90 ಬೆಳ್ಳಿ, ಅಂದರೆ 11.25 ಗ್ರಾಂ. ಜನ ಬ್ಯಾಂಕುಗಳ ಮುಂದೆ ಸಾಲುಗಟ್ಟಿದರು. ತಂದವರು ಖರ್ಚು ಮಾಡಲಿಲ್ಲ. ಸತ್ತ ಅಧ್ಯಕ್ಷನ ನೆನಪೆಂದು ಡ್ರಾಯರಿನಲ್ಲಿಟ್ಟರು, ಮಕ್ಕಳಿಗೆ ಕೊಟ್ಟರು. ಹಿಂದಿನ ವರ್ಷ ಫ್ರಾಂಕ್ಲಿನ್ ನಾಣ್ಯ ಅಚ್ಚಾದದ್ದು ಸುಮಾರು ಒಂಬತ್ತು ಕೋಟಿ. 1964ರ ಇಸವಿ ಹೊತ್ತ ಕೆನಡಿ 42 ಕೋಟಿಗೂ ಹೆಚ್ಚು. ಆದರೂ ಅಂಗಡಿಗಳಲ್ಲಿ ಒಂದೂ ಕಾಣದು! ಜೀವಮಾನವಿಡೀ ಉಳಿತಾಯದ ಪಾಠ ಹೇಳಿದ ಫ್ರಾಂಕ್ಲಿನ್ನರ ನಾಣ್ಯವನ್ನು ಸಲೀಸಾಗಿ ಖರ್ಚು ಮಾಡಿದ ಜನ ಕೆನಡಿಯದನ್ನು ಮಾತ್ರ ಕೂಡಿಟ್ಟರು.

ಪ್ರೀತಿಯ ಹಿಂದೆಯೇ ಲೆಕ್ಕವೂ ಬಂತು. ಬೆಳ್ಳಿಯ ದರ ಏರುತ್ತಿತ್ತು. ಔನ್ಸಿಗೆ ಒಂದು ಡಾಲರ್ ಮೂವತ್ತೆಂಟು ಸೆಂಟ್ ದಾಟಿದರೆ ಐವತ್ತು ಸೆಂಟಿನ ನಾಣ್ಯದೊಳಗೆ ಐವತ್ತು ಸೆಂಟಿಗೂ ಹೆಚ್ಚಿನ ಬೆಳ್ಳಿ ಇದ್ದಂತೆ. ಆಗ ಅದನ್ನು ಕೊಟ್ಟು ಕಾಫಿ ಕುಡಿಯುವವನು ಪೆದ್ದ. 1965ರ ಜುಲೈನಲ್ಲಿ ಕೆನಡಿಯ ನಂತರದ ಅಧ್ಯಕ್ಷ ಜಾನ್ಸನ್ ಹೊಸ ನಾಣ್ಯ ಕಾಯ್ದೆಗೆ ಸಹಿ ಹಾಕಿದರು. ಹತ್ತು ಸೆಂಟಿನ ಡೈಮ್ ಮತ್ತು ಕಾಲು ಡಾಲರಿನಿಂದ ಬೆಳ್ಳಿ ಪೂರ್ತಿ ಹೋಯಿತು. ಅರ್ಧ ಡಾಲರಿನಿಂದ ಮಾತ್ರ ಪೂರ್ತಿ ತೆಗೆಯಲು ಮನಸ್ಸು ಬರಲಿಲ್ಲ. ಶೇಕಡ 40ಕ್ಕೆ ಇಳಿಸಿದರು. ಬೆಳ್ಳಿ ನಾಣ್ಯ ಕೂಡಿಟ್ಟರೆ ಲಾಭವಿಲ್ಲ, ಖಜಾನೆಯಲ್ಲಿ ಬೇಕಾದಷ್ಟು ಬೆಳ್ಳಿ ಇದೆ ಎಂದು ಜಾನ್ಸನ್ ಜನರಿಗೆ ಬುದ್ಧಿ ಹೇಳಿದ್ದೂ ಅಂದೇ. ಅದನ್ನು ಕೇಳಿದ ಮೇಲೆ ಯಾರು ತಾನೇ ಸುಮ್ಮನಿರುತ್ತಾರೆ?

ಇಲ್ಲಿ ಸಂಗ್ರಹಕಾರರಿಗೂ ಒಂದು ಪೆಟ್ಟು ಬಿತ್ತು. ಚಿಲ್ಲರೆಯ ಬರಕ್ಕೆ ಅವರೂ ಕಾರಣ ಎಂದು ಸರ್ಕಾರ ಟಂಕಸಾಲೆಯ ಗುರುತಿನ ಅಕ್ಷರವನ್ನೇ ಅಳಿಸಿತು. 1965ರಿಂದ 67ರವರೆಗಿನ ನಾಣ್ಯ ಡೆನ್ವರಿನದೋ ಫಿಲಡೆಲ್ಫಿಯಾದ್ದೋ ಹೇಳುವಂತಿಲ್ಲ.

ನನಗೆ ಅತ್ಯಂತ ಇಷ್ಟವಾದದ್ದು ಈ ಶೇಕಡ ನಲವತ್ತರ ನಾಣ್ಯವೇ. ಅದರ ರಚನೆ ನಮ್ಮ ಹೋಳಿಗೆಯಂತೆ: ಹೊರಗಿನ ಕಣಕದಲ್ಲಿ ಶೇಕಡ 80 ಬೆಳ್ಳಿ, ಒಳಗಿನ ಹೂರಣದಲ್ಲಿ ಶೇಕಡ 21ರಷ್ಟು ಬೆಳ್ಳಿ, ಮಿಕ್ಕದ್ದು ತಾಮ್ರ. ಒಟ್ಟು ತೂಕ ಹನ್ನೊಂದೂವರೆ ಗ್ರಾಂ, ಬೆಳ್ಳಿ 4.6 ಗ್ರಾಂ. ಅದರ ಬೆಳ್ಳಿಯ ಬೆಲೆ ಆ ದಶಕದಲ್ಲಿ ಐವತ್ತು ಸೆಂಟ್ ಮುಟ್ಟಲೇ ಇಲ್ಲ. ಕೂಡಿಡಲು ಲೆಕ್ಕದ ಕಾರಣವೇ ಇರಲಿಲ್ಲ. ಆದರೂ ಜನ ಅದನ್ನೂ ಕೂಡಿಟ್ಟರು. 1970ರದಂತೂ ಚಲಾವಣೆಗೇ ಬರಲಿಲ್ಲ, ಸಂಗ್ರಹಕಾರರಿಗೆ ಮಾರುವ ಸೆಟ್ಟುಗಳಲ್ಲಿ ಮಾತ್ರ ಸಿಕ್ಕಿತು. 1971ರಿಂದ ಚಲಾವಣೆಯದು ಬರೀ ತಾಮ್ರ ಮತ್ತು ನಿಕಲ್, 11.34 ಗ್ರಾಂ. ಇನ್ನಾದರೂ ಜನ ಖರ್ಚು ಮಾಡುತ್ತಾರೆ ಎಂದು ಟಂಕಸಾಲೆ ಕಾದಿತು. ಅಷ್ಟರಲ್ಲಿ ಅಂಗಡಿಯವರಿಗೂ ಗಿರಾಕಿಗಳಿಗೂ ಅರ್ಧ ಡಾಲರಿಲ್ಲದ ಬದುಕು ರೂಢಿಯಾಗಿಬಿಟ್ಟಿತ್ತು.

ಬೆಳ್ಳಿ ಇಳಿಸುವ ಕೆಲಸ ನಮ್ಮ ಕಡೆ ಇದಕ್ಕೂ ಮೊದಲೇ ಆಗಿತ್ತೆನ್ನಿ. ಯುದ್ಧದ ಹೊತ್ತಿಗೆ, 1940ರಲ್ಲಿ, ಬ್ರಿಟಿಷರು ರೂಪಾಯಿಯ ಬೆಳ್ಳಿಯನ್ನು ಶೇಕಡ 91.7ರಿಂದ 50ಕ್ಕೆ ತಂದರು. ಎಂಟಾಣೆಗೂ ಅದೇ ಗತಿ; 1946ಕ್ಕೆ ಅದು ನಿಕಲ್ ಆಯಿತು. ಹಳೆಯ ಬೆಳ್ಳಿ ನಾಣ್ಯಗಳನ್ನು ನಮ್ಮವರೂ ಬಚ್ಚಿಟ್ಟರು. ಆದರೆ ಆಲ್ಬಮ್ಮಿನಲ್ಲಿ ಅಂಟಿಸುವ ತಾಳ್ಮೆ ಯಾರಿಗಿತ್ತು? ಎಷ್ಟೋ ನಾಣ್ಯ ಅಕ್ಕಸಾಲಿಗನ ಮೂಸೆ ಸೇರಿ ಕಾಲುಗೆಜ್ಜೆಯಾದವು. ಅಮೆರಿಕದಲ್ಲೂ 1967ರಲ್ಲಿ ಬೆಳ್ಳಿ ನಾಣ್ಯ ಕರಗಿಸುವುದನ್ನು ನಿಷೇಧಿಸಿ, ಎರಡು ವರ್ಷಕ್ಕೇ ನಿಷೇಧ ಹಿಂತೆಗೆದುಕೊಂಡರು.

ಹಾಗಾದರೆ ಇಂದಿನ ಸುರುಳಿಯೊಳಕ್ಕೆ ಬೆಳ್ಳಿ ಎಲ್ಲಿಂದ ಬರುತ್ತದೆ? ಅದೇ ಡ್ರಾಯರುಗಳಿಂದ. ಅಜ್ಜ ಜೋಪಾನ ಮಾಡಿದ್ದನ್ನು ಮೊಮ್ಮಗ ಅಂಚು ಕೂಡ ನೋಡದೆ ಬ್ಯಾಂಕಿನಲ್ಲಿ ಸುರಿದು ನೋಟು ಪಡೆಯುತ್ತಾನೆ. ಆ ಹುಡುಗನ ಉದಾಸೀನವೇ ನಮ್ಮ ಬಂಡವಾಳ. ಅವನಿಗಿಂತ ಹಿಂದೆ ಆರಿಸಿದವರು 1964 ಎಂಬ ಒಂದೇ ಇಸವಿ ನೆನಪಿಟ್ಟುಕೊಂಡು ಅದನ್ನಷ್ಟೇ ತೆಗೆದಿದ್ದರು. 65ರಿಂದ 69ರವರೆಗಿನದನ್ನು ಸಾಮಾನ್ಯ ಕಾಸೆಂದು ಬಿಟ್ಟಿದ್ದರು. ಅದಕ್ಕೇ ಶೇಕಡ ತೊಂಬತ್ತರ ನಾಣ್ಯ ಅಪರೂಪ, ನಲವತ್ತರದು ಆಗಾಗ. ನಾಣ್ಯದ ವ್ಯಾಪಾರಿಗೆ ಅದರ ಮೇಲೆ ಅಂಥ ಗೌರವವೇನೂ ಇಲ್ಲ, ಬೆಳ್ಳಿಯ ದರಕ್ಕಿಂತ ಕಡಿಮೆಗೆ ಕೇಳುತ್ತಾನೆ. ನಾನು ಮಾರುವುದಿಲ್ಲ. ಅರ್ಧ ಮನಸ್ಸಿನಿಂದ ಮಾಡಿದ ಕಾನೂನು ಕೈಯಲ್ಲಿ ಹಿಡಿದು ನೋಡುವಂತಿರುವುದು ಎಷ್ಟು ಅಪರೂಪ!

ಈಗೊಂದು ಹೊಸ ಕಾಟ. 2002ರಿಂದ ಸಂಗ್ರಹಕಾರರಿಗೆ ಮಾತ್ರ ಅಚ್ಚಾಗುತ್ತಿದ್ದ ಅರ್ಧ ಡಾಲರನ್ನು 2021ರಲ್ಲಿ ಮತ್ತೆ ಚಲಾವಣೆಗೆ ಬಿಟ್ಟರು. ಸುರುಳಿ ಬಿಚ್ಚಿದರೆ ಇಪ್ಪತ್ತಕ್ಕೆ ಇಪ್ಪತ್ತೂ ಹೊಚ್ಚಹೊಸದು, ಕನ್ನಡಿಯಂತೆ ಮಿಂಚುತ್ತದೆ. ಅದನ್ನು ಕಂಡು ಹಣೆ ಚಚ್ಚಿಕೊಳ್ಳುವವರು ನಾವು. ತಂದ ಬ್ಯಾಂಕಿಗೇ ವಾಪಸ್ ಕೊಟ್ಟರೆ ಮುಂದಿನ ಸಲ ಅವೇ ನಮ್ಮ ಪಾಲಿಗೆ ಬರುತ್ತವೆ. ಆದ್ದರಿಂದ ಅವನ್ನು ಕಟ್ಟುವುದು ಊರಾಚೆಯ ಇನ್ನೊಂದು ಬ್ಯಾಂಕಿನಲ್ಲಿ. ಅಲ್ಲಿನ ಕೌಂಟರಿನಾಕೆಗೆ ನಾನೇನೋ ಕೆಫೆ ನಡೆಸುತ್ತೇನೆಂಬ ಭಾವನೆ. ವ್ಯಾಪಾರ ಹೇಗಿದೆ ಎಂದು ಪ್ರತಿ ಸಲ ಕೇಳುತ್ತಾಳೆ, ಈ ತಿಂಗಳು ಸ್ವಲ್ಪ ಮಂದ ಎನ್ನುತ್ತೇನೆ.