ಸ್ಪಷ್ಟನೆ: ಗೋಡೆ ದಾಟಿದ ಕೊಂಬೆಯ ಬಗ್ಗೆ ನಾನು ಹಾಕಿದ ಸಂದೇಶ ತಪ್ಪು

‘ಪಕ್ಕದ ಮನೆಯ ಮರದ ಕೊಂಬೆ ನಿಮ್ಮ ಕಾಂಪೌಂಡ್ ದಾಟಿದರೆ ಯಾರನ್ನೂ ಕೇಳದೆ ಕಡಿಯಬಹುದು’ ಎಂಬ ಸಂದೇಶವನ್ನು ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದವನು ನಾನೇ. ಅದನ್ನು ನಂಬಿ ಎದುರು ಮನೆಯವರು ಮಚ್ಚು ಹಿಡಿದು ಏಣಿ ಹತ್ತಿದ್ದನ್ನು ಕಂಡಾಗ ಎದೆ ಧಸಕ್ಕೆಂದಿತು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ‘ಕಡಿಯುವುದು’ ಎಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ. ಕೊಂಬೆ ಸವರುವುದು, ಕಾಂಡದ ಸುತ್ತ ತೊಗಟೆ ಸುಲಿಯುವುದು, ಸುಡುವುದು, ವಿಷ ಹಾಕುವುದು ಎಲ್ಲವೂ ಅದರಲ್ಲಿ ಸೇರಿದೆ. ಇದಕ್ಕೆ ವೃಕ್ಷಾಧಿಕಾರಿಯ (ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿ) ಪೂರ್ವಾನುಮತಿ ಬೇಕು. ತೆಂಗು, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಹಾಗೆಂದು ಪಕ್ಕದವರ ತೆಂಗು ನಿಮ್ಮದಾಗುವುದಿಲ್ಲ!

ಕೊಂಬೆ ಹೆಂಚಿಗೆ ತಾಗುತ್ತಿದ್ದರೆ ಮೊದಲು ಪಕ್ಕದವರಿಗೆ ತಿಳಿಸಿ, ವೃಕ್ಷಾಧಿಕಾರಿಗೆ ಅರ್ಜಿ ಕೊಡಿ. ಹಳೆಯ ಸಂದೇಶವನ್ನು ಅಳಿಸಿದ್ದೇನೆ. ನೀವೂ ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.